ನಗರ ಪಂದ್ಯಗಳ ಅಲ್ಯೂಮಿನಿಯಂ ಟ್ರ್ಯಾಕ್ ಫ್ರೇಮ್

ಟ್ರ್ಯಾಕ್ ಫ್ರೇಮ್ ವೆಲೋಡ್ರೋಮಿನ ಓರೆ ಪಥಕ್ಕಾಗಿ ರೂಪುಗೊಂಡ ಸೈಕಲ್ ಚೌಕಟ್ಟು. ಅದರ ಮೇಲೆ ಕಟ್ಟಿದ ಸೈಕಲ್ಲಿಗೆ ಒಂದೇ ಗೇರು. ಫ್ರೀವೀಲ್ ಇಲ್ಲ, ಬ್ರೇಕೂ ಇಲ್ಲ. ಹಿಂದಿನ ಹಲ್ಲುಗಾಲಿ ಹಬ್‌ಗೆ ಬಿಗಿದುಕೊಂಡೇ ಇರುವುದರಿಂದ ಚಕ್ರ ಉರುಳುವಷ್ಟು ಹೊತ್ತೂ ಪೆಡಲು ತಿರುಗುತ್ತದೆ. ಸವಾರ ಕಾಲು ನಿಲ್ಲಿಸಿ ಆರಾಮಾಗಿ ತೇಲಿಕೊಂಡು ಹೋಗುವಂತಿಲ್ಲ. ವೇಗ ತಗ್ಗಿಸಬೇಕಾದರೆ ತಿರುಗುತ್ತಿರುವ ಪೆಡಲನ್ನು ಕಾಲಿನಿಂದಲೇ ಹಿಮ್ಮುಖವಾಗಿ ಒತ್ತಿ ಹಿಡಿಯಬೇಕು. 2008ರಿಂದ ಈಚೆಗೆ ಅಮೆರಿಕ ಮತ್ತು ಯುರೋಪಿನ ನಗರಗಳಲ್ಲಿ ಇಂಥ ಸೈಕಲ್‌ಗಳಿಗೆಂದೇ ಬೀದಿ ಪಂದ್ಯಗಳು ಹುಟ್ಟಿಕೊಂಡವು. ಬಂದರಿನ ಅಂಗಳ, ಗೋದಾಮುಗಳ ನಡುವಿನ ರಸ್ತೆ, ಕಾರ್ಟ್ ರೇಸಿನ ಪಥ ಮುಂತಾದ ಕಡೆ ಒಂದೆರಡು ಕಿಲೋಮೀಟರಿನ ಸುತ್ತನ್ನು ಹತ್ತಾರು ಬಾರಿ ಸುತ್ತುವ ಈ ಸ್ಪರ್ಧೆಗೆ ಫಿಕ್ಸ್ಡ್ ಗೇರ್ ಕ್ರಿಟೀರಿಯಂ ಎಂದು ಹೆಸರು. ಅದರ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಂಡ ಅಲ್ಯೂಮಿನಿಯಂ ಟ್ರ್ಯಾಕ್ ಫ್ರೇಮ್ ಈ ಲೇಖನದ ವಿಷಯ.

ರೋಡ್ ಸೈಕಲ್ಲಿನ ಮೇಲಿನ ಸ್ತರದಲ್ಲಿ ಕಾರ್ಬನ್ ನಾರು ಅಲ್ಯೂಮಿನಿಯಮನ್ನು ಬದಿಗೆ ಸರಿಸಿದ್ದ ಕಾಲದಲ್ಲಿ ಈ ಪಂದ್ಯಗಳು ಬಂದವು. ಆದರೂ ಇಲ್ಲಿ ಅಲ್ಯೂಮಿನಿಯಮ್ಮೇ ಗಟ್ಟಿಯಾಗಿ ನೆಲೆಯೂರಿತು. ಬೆಲೆ ಕಡಿಮೆ ಎಂಬುದು ಅದಕ್ಕೆ ಒಂದು ಕಾರಣ ಮಾತ್ರ. ಗುಂಪಿನಲ್ಲಿ ಬೀಳುವುದು, ಕಂಬಿಬೇಲಿಗೆ ತಗಲುವುದು, ತಿರುವು ದಾಟಿದ ಕೂಡಲೇ ಮೈಯೆಲ್ಲ ಬಲ ಹಾಕಿ ಮತ್ತೆ ವೇಗ ಏರಿಸುವುದು ಇವೆಲ್ಲ ಸುತ್ತುಸುತ್ತಿಗೂ ಇರುವ ಆಟಕ್ಕೆ ಈ ಲೋಹದ ಸ್ವಭಾವ ಹೇಳಿ ಮಾಡಿಸಿದಂತಿದೆ.

ಹಿನ್ನೆಲೆ

ಟ್ರ್ಯಾಕ್ ಸೈಕಲ್ಲು ಬೀದಿಗಿಳಿದದ್ದು ಪಂದ್ಯಕ್ಕಾಗಿಯಲ್ಲ, ಹೊಟ್ಟೆಪಾಡಿಗಾಗಿ. ನ್ಯೂಯಾರ್ಕಿನ ಕಚೇರಿಯಿಂದ ಕಚೇರಿಗೆ ಕಾಗದಪತ್ರ ಮುಟ್ಟಿಸುತ್ತಿದ್ದ ಸೈಕಲ್ ಮೆಸೆಂಜರ್‌ಗಳಿಗೆ ಗೇರಿನ ತಂತಿ, ಬ್ರೇಕಿನ ರಬ್ಬರು ಯಾವುದೂ ಇಲ್ಲದ ಈ ಸೈಕಲ್ಲು ಅನುಕೂಲವಾಗಿತ್ತು. ಕೆಡಲು ಭಾಗಗಳೇ ಇಲ್ಲ, ರಿಪೇರಿಗೆ ಖರ್ಚೂ ಇಲ್ಲ. ಅವರಲ್ಲೊಬ್ಬನಾಗಿದ್ದ ಹಾರ್ಲೆಮ್ಮಿನ ನೆಲ್ಸನ್ ವೇಲ್ಸ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಟ್ರ್ಯಾಕ್ ಸ್ಪ್ರಿಂಟಿನ ಬೆಳ್ಳಿ ಪದಕ ಗೆದ್ದ. ಬೀದಿಗೂ ವೆಲೋಡ್ರೋಮಿಗೂ ಇರುವ ನಂಟಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮೆಸೆಂಜರ್‌ಗಳು ತಮ್ಮತಮ್ಮಲ್ಲೇ ನಡೆಸುತ್ತಿದ್ದ, ಓಡುವ ವಾಹನಗಳ ನಡುವೆಯೇ ನುಗ್ಗಿ ಸಾಗುವ ಅಲೆಕ್ಯಾಟ್ ಪಂದ್ಯಗಳು 1980ರ ದಶಕದ ಕೊನೆಯಿಂದ ಉತ್ತರ ಅಮೆರಿಕದಲ್ಲಿ ಹಬ್ಬಿದವು. ಅವಕ್ಕೆ ಪರವಾನಗಿಯೂ ಇರಲಿಲ್ಲ, ಮುಚ್ಚಿದ ರಸ್ತೆಯೂ ಇರಲಿಲ್ಲ.

2008ರಲ್ಲಿ ಡೇವಿಡ್ ಟ್ರಿಂಬಲ್ ಬ್ರೂಕ್ಲಿನ್ನಿನ ರೆಡ್ ಹುಕ್ ಬಡಾವಣೆಯಲ್ಲಿ ತನ್ನ ಹುಟ್ಟುಹಬ್ಬದ ನೆಪದಲ್ಲಿ ರಾತ್ರಿ ಪಂದ್ಯವೊಂದನ್ನು ಏರ್ಪಡಿಸಿದ. ನಿಯಮ ಸರಳ: ಫಿಕ್ಸ್ಡ್ ಗೇರು, ಬ್ರೇಕಿಲ್ಲ. ಮೊದಲ ವರ್ಷ ಗೆದ್ದದ್ದು ಕೇಸಿ ಮ್ಯಾಂಡರ್‌ಫೀಲ್ಡ್ ಎಂಬ ಮಹಿಳೆ, ಗಂಡಸರನ್ನೂ ಹಿಂದಿಕ್ಕಿ. ಗೆಳೆಯರ ಗುಂಪಿನ ಈ ಓಟ ಕೆಲವೇ ವರ್ಷಗಳಲ್ಲಿ ರೆಡ್ ಹುಕ್ ಕ್ರಿಟೀರಿಯಂ ಎಂಬ ಸರಣಿಯಾಗಿ ಬೆಳೆದು 2010ರಲ್ಲಿ ಮಿಲಾನಿಗೆ, 2013ರಲ್ಲಿ ಬಾರ್ಸಿಲೋನಾಕ್ಕೆ, 2015ರಲ್ಲಿ ಲಂಡನ್ನಿಗೆ ಹೋಯಿತು. ಬ್ರೂಕ್ಲಿನ್ನಿನ ಪಂದ್ಯ ಹಡಗುಕಟ್ಟೆಯ ಆವರಣಕ್ಕೆ ಸ್ಥಳಾಂತರವಾಯಿತು. ಮೆಸೆಂಜರ್‌ಗಳ ಜೊತೆಗೆ ವೃತ್ತಿಪರ ರೋಡ್ ಸವಾರರೂ ವೆಲೋಡ್ರೋಮಿನ ಪಳಗಿದ ಸ್ಪರ್ಧಿಗಳೂ ಬಂದು ಸೇರಿದರು, ತಂಡಗಳು ಕಟ್ಟಿಕೊಂಡವು, ತಯಾರಕರು ಪ್ರಾಯೋಜಕರಾದರು. ಹೆಂಗಸರಿಗೆ ಪ್ರತ್ಯೇಕ ಪಂದ್ಯ 2014ರಲ್ಲಿ ಆರಂಭವಾಯಿತು. 2016ರ ಬ್ರೂಕ್ಲಿನ್ ಪಂದ್ಯದಲ್ಲಿ ಸವಾರರ ಮುಂದೆ ಸಾಗಬೇಕಿದ್ದ ಮೋಟಾರ್ ಸೈಕಲ್ಲು ಪಥದಲ್ಲೇ ನಿಂತುಬಿಟ್ಟು, ಹಿಂದಿನಿಂದ ಬಂದ ಸವಾರರು ಅದಕ್ಕೆ ಬಡಿದು ಒಬ್ಬರ ಮೇಲೊಬ್ಬರು ಬಿದ್ದರು. ಬ್ರೇಕಿಲ್ಲದ ಗುಂಪಿಗೆ ಎದುರಿನ ಅಡ್ಡಿ ಎಷ್ಟು ಅಪಾಯ ಎಂಬುದನ್ನು ಆ ದೃಶ್ಯ ಜಗತ್ತಿಗೇ ತೋರಿಸಿತು. ಸರಣಿ 2018ರವರೆಗೆ ನಡೆದು 2019ರಲ್ಲಿ ನಿಂತಿತು. ಅದೇ ಮಾದರಿಯಲ್ಲಿ ಜರ್ಮನಿಯ ರಾಡ್ ರೇಸ್ ಬಳಗ ಬರ್ಲಿನ್ನಿನ ಕಾರ್ಟ್ ಪಥದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಕ್ರಿಟ್ ನಗರದ ಬೀದಿಯಲ್ಲಿ ಪಂದ್ಯಗಳನ್ನು ನಡೆಸಿವೆ.

ಅಲ್ಯೂಮಿನಿಯಂ ಫ್ರೇಮಿನ ಕಥೆ ಇದಕ್ಕಿಂತ ಹಳೆಯದು. 1970ರ ದಶಕದಲ್ಲಿ ಇಟಲಿಯ ಅಲಾನ್, ಅನಂತರ ಫ್ರಾನ್ಸಿನ ವೀಟಸ್ ತಯಾರಿಸಿದ ಅಲ್ಯೂಮಿನಿಯಂ ಫ್ರೇಮುಗಳ ಕೊಳವೆಗಳು ಉಕ್ಕಿನ ಕೊಳವೆಯಷ್ಟೇ ಸಪೂರ. ಕೂಡುಗಂಟುಗಳಿಗೆ ಅಂಟು ಹಾಕಿ ಜೋಡಿಸುತ್ತಿದ್ದರು. ಹಗುರವಾಗಿದ್ದರೂ ಬಲಿಷ್ಠ ಸವಾರನ ಕಾಲಡಿಯಲ್ಲಿ ಅವು ಬಳುಕುತ್ತಿದ್ದವು. ಕೊಳವೆಯನ್ನೇ ದಪ್ಪ ಮಾಡಿದರೆ ಆ ದೋಷ ಹೋಗುತ್ತದೆಂದು ತೋರಿಸಿದವನು ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಗ್ಯಾರಿ ಕ್ಲೈನ್. 1983ರಲ್ಲಿ ಕ್ಯಾನನ್‌ಡೇಲ್ ದಪ್ಪ ಕೊಳವೆಯ ಸೈಕಲ್‌ಗಳನ್ನು ಮಾರುಕಟ್ಟೆಗೆ ತಂದಿತು. 1990ರ ದಶಕದಲ್ಲಿ ಅದೇ ಕಂಪನಿ ಮಾಡಿದ ಟ್ರ್ಯಾಕ್ ಫ್ರೇಮುಗಳನ್ನು ಬೀದಿ ಸವಾರರು ಇಂದಿಗೂ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. 1998ರಲ್ಲಿ ಮಾರ್ಕೊ ಪಂತಾನಿ ಟೂರ್ ದ ಫ್ರಾನ್ಸ್ ಗೆದ್ದದ್ದು ಬಿಯಾಂಕಿ ಕಂಪನಿಯ ಅಲ್ಯೂಮಿನಿಯಂ ಸೈಕಲ್ಲಿನ ಮೇಲೆ. ಮರುವರ್ಷದಿಂದ ಆ ಪಂದ್ಯದಲ್ಲಿ ಕಾರ್ಬನ್ನಿನ ಕಾಲ ಶುರುವಾಯಿತು.

ಲೋಹ

ಅಲ್ಯೂಮಿನಿಯಮ್ಮಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ, ಉಕ್ಕಿನದು 7.85 ಗ್ರಾಂ. ಅಂದರೆ ಹೆಚ್ಚುಕಡಿಮೆ ಮೂರನೆಯ ಒಂದು ತೂಕ. ಆದರೆ ಬಾಗದೆ ನಿಲ್ಲುವ ಗುಣವೂ ಮೂರನೆಯ ಒಂದೇ: ಅದರ ಸ್ಥಿತಿಸ್ಥಾಪಕತ್ವ ಗುಣಾಂಕ ಸುಮಾರು 70 ಗಿಗಾಪಾಸ್ಕಲ್, ಉಕ್ಕಿನದು 200ರಿಂದ 210. ಹೀಗೆ ನೋಡಿದರೆ ಒಂದಕ್ಕೊಂದು ಸಮ, ಲಾಭವೇನೂ ಇಲ್ಲ. ಲಾಭ ಇರುವುದು ಕೊಳವೆಯ ಆಕಾರದಲ್ಲಿ. ತೆಳುಗೋಡೆಯ ಕೊಳವೆಯ ತೂಕ ವ್ಯಾಸಕ್ಕೆ ಅನುಗುಣವಾಗಿ ಏರಿದರೆ, ಅದರ ದೃಢತೆ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ.

ಲೆಕ್ಕ ಹಾಕಿ ನೋಡಬಹುದು. ಹಳೆಯ ಮಾದರಿಯ ಉಕ್ಕಿನ ಫ್ರೇಮಿನಲ್ಲಿ ಹ್ಯಾಂಡಲ್ ಬುಡದಿಂದ ಪೆಡಲ್ ಅಚ್ಚಿನವರೆಗೆ ಓರೆಯಾಗಿ ಇಳಿಯುವ ಕೊಳವೆಯ ವ್ಯಾಸ 31.8 ಮಿ.ಮೀ., ಗೋಡೆಯ ದಪ್ಪ 0.6 ಮಿ.ಮೀ. ಎಂದಿಟ್ಟುಕೊಳ್ಳೋಣ. ಅದರ ಜಾಗದಲ್ಲಿ 46 ಮಿ.ಮೀ. ವ್ಯಾಸದ, 1.1 ಮಿ.ಮೀ. ಗೋಡೆಯ ಅಲ್ಯೂಮಿನಿಯಂ ಕೊಳವೆ ಹಾಕಿದರೆ ತೂಕ ಶೇಕಡ 9ರಷ್ಟು ಇಳಿಯುತ್ತದೆ. ದೃಢತೆ ಮಾತ್ರ ಸುಮಾರು 1.9 ಪಟ್ಟಾಗುತ್ತದೆ. ಇಡೀ ಅಲ್ಯೂಮಿನಿಯಂ ಫ್ರೇಮಿನ ಗುಟ್ಟು ಇಷ್ಟೇ. ಉಕ್ಕಿನ ಕೊಳವೆಯನ್ನೂ ಇದೇ ರೀತಿ ಹಿಗ್ಗಿಸಬಹುದಲ್ಲ ಎಂದರೆ, ತೂಕ ಏರದಂತೆ ಹಿಗ್ಗಿಸಲು ಅದರ ಗೋಡೆ 0.4 ಮಿ.ಮೀ.ಗೆ ಇಳಿಯಬೇಕು, ಆಗ ಸಣ್ಣ ಪೆಟ್ಟಿಗೂ ಅದು ತಗ್ಗು ಬೀಳುತ್ತದೆ.

ಶುದ್ಧ ಅಲ್ಯೂಮಿನಿಯಂ ಮೆತ್ತಗಿನ ಲೋಹ. ಫ್ರೇಮಿಗೆ ಬಳಸುವುದು ಮುಖ್ಯವಾಗಿ ಎರಡು ಮಿಶ್ರಲೋಹಗಳನ್ನು. 6061ರಲ್ಲಿ ಸುಮಾರು ಶೇ. 1 ಮೆಗ್ನೀಷಿಯಂ, ಶೇ. 0.6 ಸಿಲಿಕಾನ್ ಇರುತ್ತದೆ; 7005ರಲ್ಲಿ ಶೇ. 4.5ರಷ್ಟು ಸತು, ಜೊತೆಗೆ ಸ್ವಲ್ಪ ಮೆಗ್ನೀಷಿಯಂ. ಎರಡಕ್ಕೂ ಬಲ ಬರುವುದು ಶಾಖದ ಹದದಿಂದ. ಜರ್ಮನಿಯ ಆಲ್ಫ್ರೆಡ್ ವಿಲ್ಮ್ 20ನೆಯ ಶತಮಾನದ ಮೊದಲ ದಶಕದಲ್ಲಿ ಕಂಡುಕೊಂಡ ತತ್ತ್ವ ಇದು: ಮಿಶ್ರಲೋಹವನ್ನು ಚೆನ್ನಾಗಿ ಕಾಯಿಸಿ ಥಟ್ಟನೆ ತಣಿಸಿದರೆ ಬೆರೆತ ಧಾತುಗಳು ಕರಗಿದ ಸ್ಥಿತಿಯಲ್ಲೇ ಸಿಕ್ಕಿಬೀಳುತ್ತವೆ; ಅನಂತರ ಅವು ನಿಧಾನವಾಗಿ ಅತಿ ಸೂಕ್ಷ್ಮ ಕಣಗಳಾಗಿ ಕೂಡಿಕೊಂಡು ಲೋಹದ ಪದರಗಳು ಜಾರದಂತೆ ತಡೆಯುತ್ತವೆ. 6061ಕ್ಕೆ ಟಿ6 ಎಂಬ ಹದ ಕೊಟ್ಟಾಗ ಅದು ಶಾಶ್ವತವಾಗಿ ಬಾಗಲು ಸುಮಾರು 275 ಮೆಗಾಪಾಸ್ಕಲ್ ಒತ್ತಡ ಬೇಕು. ಫ್ರೇಮುಗಳ ಮೇಲಿನ ಸ್ಟಿಕ್ಕರಿನಲ್ಲಿ ಕಾಣುವ '6061-ಟಿ6' ಎಂಬ ಗುರುತಿನ ಅರ್ಥ ಇದೇ.

ಕೊಳವೆ, ಬೆಸುಗೆ, ಹದ

ಕೊಳವೆಯ ಗೋಡೆ ಉದ್ದಕ್ಕೂ ಒಂದೇ ದಪ್ಪವಿರುವುದಿಲ್ಲ. ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪ ಉಳಿಸಿಕೊಂಡು ಒತ್ತಡ ಕಡಿಮೆ ಇರುವ ನಡುಭಾಗದಲ್ಲಿ ತೆಳುಗೊಳಿಸುತ್ತಾರೆ. ಒಳ್ಳೆಯ ಕೊಳವೆಯಲ್ಲಿ ಮೂರು ಬೇರೆಬೇರೆ ದಪ್ಪಗಳಿರುತ್ತವೆ. ಬೆರಳಿನಿಂದ ತಟ್ಟಿದರೆ ನಡುಭಾಗದಲ್ಲಿ ಡಬ್ಬಿಯ ಸದ್ದು, ತುದಿಯತ್ತ ಸರಿದಂತೆ ಗಟ್ಟಿ ಸದ್ದು ಬರುವುದು ಇದರಿಂದಲೇ. ಕೊಳವೆಯನ್ನು ಅಚ್ಚಿನೊಳಗಿಟ್ಟು ಒಳಗಿನಿಂದ ಭಾರೀ ಒತ್ತಡದಲ್ಲಿ ದ್ರವ ತುಂಬಿ ಬೇಕಾದ ಆಕಾರಕ್ಕೆ ಉಬ್ಬಿಸುವ ಹೈಡ್ರೋಫಾರ್ಮಿಂಗ್ ವಿಧಾನ ಬಂದ ಮೇಲೆ ಗುಂಡು ಕೊಳವೆಯ ಕಟ್ಟುಪಾಡೂ ಹೋಯಿತು. ಗಾಳಿ ಸೀಳುವ ಕಡೆ ಹನಿಯ ಆಕಾರ, ಪೆಡಲ್ ಅಚ್ಚಿನ ಬಳಿ ಅಗಲ, ಸೀಟಿನ ಕೊಳವೆಯಲ್ಲಿ ಹಿಂಚಕ್ರ ಒಳಕ್ಕೆ ಕೂರುವಂತೆ ಕೊರೆದ ಕಮಾನು ಇವೆಲ್ಲ ಈಗ ಸಾಮಾನ್ಯ.

ಬೆಸುಗೆ ಈ ಫ್ರೇಮಿನ ಅತ್ಯಂತ ನಾಜೂಕಿನ ಘಟ್ಟ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಆದರೆ ಅದರ ಮೈಮೇಲೆ ಸದಾ ಕಟ್ಟಿಕೊಂಡಿರುವ ಆಕ್ಸೈಡಿನ ತೆಳುಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಬೇಕು. ಪೊರೆ ಒಡೆಯುವುದರೊಳಗೆ ಕೆಳಗಿನ ಲೋಹ ಕರಗಿ ತೂತು ಬೀಳಬಹುದು. ಹೀಗಾಗಿ ಆರ್ಗಾನ್ ಅನಿಲದ ರಕ್ಷಣೆಯಲ್ಲಿ, ದಿಕ್ಕು ಬದಲಿಸುತ್ತಿರುವ ಎಸಿ ವಿದ್ಯುತ್ತಿನಿಂದ ಟಿಗ್ ಬೆಸುಗೆ ಹಾಕುತ್ತಾರೆ: ಒಂದು ದಿಕ್ಕಿನ ಹರಿವು ಪೊರೆಯನ್ನು ಕೀಳುತ್ತದೆ, ಇನ್ನೊಂದು ಲೋಹವನ್ನು ಕಾಯಿಸುತ್ತದೆ. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಸಮನಾಗಿ ಕೂತ ಬೆಸುಗೆಯ ಅಲೆಗಳು ಪಳಗಿದ ಕೈಯ ಗುರುತು. ಕೆಲವು ದುಬಾರಿ ಫ್ರೇಮುಗಳಲ್ಲಿ ಇದರ ಮೇಲೆ ಇನ್ನೊಂದು ಸುತ್ತು ಹಾಕಿ ಅಲೆಗಳು ಕಾಣದಂತೆ ನುಣ್ಣಗೆ ಉಜ್ಜುತ್ತಾರೆ. ನೋಟಕ್ಕೆ ಚೆಂದ, ಆದರೆ ಉಜ್ಜುವಾಗ ಕೊಳವೆಯ ಗೋಡೆಯೂ ಸವೆಯದಂತೆ ಎಚ್ಚರ ಬೇಕು.

ಬೆಸುಗೆಯ ಶಾಖ ಅಕ್ಕಪಕ್ಕದ ಲೋಹದ ಹದವನ್ನು ಕೆಡಿಸುತ್ತದೆ. 6061 ಫ್ರೇಮನ್ನು ಬೆಸೆದು ಹಾಗೆಯೇ ಬಿಟ್ಟರೆ ಸಂದಿನ ಬಳಿ ಅದರ ಬಲ ಅರ್ಧಕ್ಕಿಳಿಯಬಹುದು. ಇದನ್ನು ಸರಿಪಡಿಸಲು ಇಡೀ ಫ್ರೇಮನ್ನು 530 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ, ತಣಿಸಿ, ಮೆತ್ತಗಿರುವಾಗಲೇ ಸೊಟ್ಟ ತಿದ್ದಿ, ಮತ್ತೆ 170 ಡಿಗ್ರಿಯ ಸುತ್ತಮುತ್ತ ಗಂಟೆಗಟ್ಟಲೆ ಒಲೆಯಲ್ಲಿಡಬೇಕು. 7005ಕ್ಕೆ ಮೊದಲ ಹಂತ ಬೇಡ, ಎರಡನೆಯದೊಂದೇ ಸಾಕು. ದೊಡ್ಡ ಕುಲುಮೆಯಿಲ್ಲದ ಸಣ್ಣ ಕಾರ್ಯಾಗಾರಗಳು ಅದನ್ನು ಮೆಚ್ಚಿದ್ದು ಈ ಕಾರಣಕ್ಕೆ. ಸಂದನ್ನೇ ಬೇರೆ ಬಗೆಯಲ್ಲಿ ರೂಪಿಸಿದ ಪ್ರಯತ್ನವೂ ಇದೆ. ಸ್ಪೆಷಲೈಜ್ಡ್ ಕಂಪನಿಯ ಅಲೆ ಸ್ಪ್ರಿಂಟ್ ಎಂಬ ರೋಡ್ ಫ್ರೇಮಿನಲ್ಲಿ ಕೊಳವೆಗಳ ಅಂಚನ್ನು ಒಳಕ್ಕೆ ಮಡಚಿ, ಎರಡು ಅಂಚು ಸೇರಿದಲ್ಲಿ ಉಂಟಾಗುವ ಕಣಿವೆಯನ್ನು ಬೆಸುಗೆಯಿಂದ ತುಂಬುತ್ತಾರೆ. ಆ ಬೆಸುಗೆ ಅತಿ ಹೆಚ್ಚು ಒತ್ತಡ ಬೀಳುವ ಮೂಲೆಯಿಂದ ಸ್ವಲ್ಪ ದೂರ ಸರಿದಿರುತ್ತದೆ. ಸ್ಮಾರ್ಟ್‌ವೆಲ್ಡ್ ಎಂದು ಹೆಸರಾದ ಈ ವಿಧಾನ ಕ್ರಿಟೀರಿಯಂ ಸವಾರರಲ್ಲಿ ಅಲ್ಯೂಮಿನಿಯಮ್ಮಿನ ಮರ್ಯಾದೆಯನ್ನು ಹೆಚ್ಚಿಸಿತು.

ಸಿದ್ಧವಾದ ಫ್ರೇಮಿನ ತೂಕ ಮಧ್ಯಮ ಅಳತೆಯಲ್ಲಿ ಒಂದೂವರೆ ಕಿಲೋದ ಆಸುಪಾಸು. ಇದಕ್ಕೆ ಸಾಮಾನ್ಯವಾಗಿ ಮುಂಚಕ್ರ ಹಿಡಿಯುವ ಕಾರ್ಬನ್ ಫೋರ್ಕ್ ಜೋಡಿಸುತ್ತಾರೆ. ಇಲ್ಲಿ ತೂಕದ ಹುಚ್ಚಿಗೆ ಹೆಚ್ಚು ಬೆಲೆಯಿಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಪಂದ್ಯಗಳಲ್ಲಿ ಪೂರ್ಣ ಸೈಕಲ್ಲು 6.8 ಕಿಲೋಗಿಂತ ಕಡಿಮೆ ಇರುವಂತಿಲ್ಲ. ಗೇರು, ಬ್ರೇಕು ಇಲ್ಲದ ಸೈಕಲ್ಲು ಅಲ್ಯೂಮಿನಿಯಂ ಫ್ರೇಮಿನಲ್ಲೂ ಆ ಗಡಿಯ ಹತ್ತಿರ ಬಂದುಬಿಡುತ್ತದೆ.

ಅಳತೆ ಮತ್ತು ಕೋನ

ವೆಲೋಡ್ರೋಮಿನಲ್ಲಿ ತಿರುವು ಓರೆಯಾಗಿ ಎದ್ದಿರುತ್ತದೆ. 250 ಮೀಟರ್ ಪಥದ ತಿರುವುಗಳು 42 ಡಿಗ್ರಿಯ ಸುತ್ತಮುತ್ತ ಏರಿರುತ್ತವೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ದೆಹಲಿಯಲ್ಲಿ ಕಟ್ಟಿದ ಮರದ ಪಥ ಈ ಬಗೆಯದು. ವೇಗದಲ್ಲಿ ಸವಾರ ಎಷ್ಟೇ ವಾಲಿದರೂ ನೆಲವೂ ಅಷ್ಟೇ ವಾಲಿರುವುದರಿಂದ ಪೆಡಲು ನೆಲಕ್ಕೆ ತಾಗುವ ಭಯ ಕಡಿಮೆ. ನಗರದ ರಸ್ತೆ ಸಪಾಟು. ಅಲ್ಲಿ 20 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ದಾಟಲು ಸೈಕಲ್ಲೂ ಸವಾರನೂ ಸೇರಿ 32 ಡಿಗ್ರಿಯಷ್ಟು ವಾಲಬೇಕು, ಅದೂ ಪೆಡಲು ತುಳಿಯುತ್ತಲೇ. ರೋಡ್ ಸವಾರ ಆ ಕ್ಷಣಕ್ಕೆ ಒಳಗಿನ ಪೆಡಲನ್ನು ಮೇಲೆತ್ತಿ ಕಾಲು ನಿಲ್ಲಿಸುತ್ತಾನೆ. ಫಿಕ್ಸ್ಡ್ ಗೇರಿನವನಿಗೆ ಆ ಅವಕಾಶವಿಲ್ಲ. ಅವನ ಒಳಗಿನ ಪೆಡಲು ಪ್ರತಿ ಸುತ್ತಿಗೂ ಕೆಳಗಿಳಿದೇ ಇಳಿಯುತ್ತದೆ. ನೆಲಕ್ಕೆ ತಾಗಿದರೆ ಹಿಂಚಕ್ರ ಎಗರಿ ಸವಾರ ಬೀಳುತ್ತಾನೆ.

ಆದ್ದರಿಂದ ಇಂಥ ಫ್ರೇಮಿನಲ್ಲಿ ಮೊದಲು ನೋಡಬೇಕಾದ ಅಳತೆ ಪೆಡಲ್ ಅಚ್ಚಿನ ಎತ್ತರ. ರೋಡ್ ಸೈಕಲ್ಲಿನಲ್ಲಿ ಆ ಅಚ್ಚು ಚಕ್ರಗಳ ಅಚ್ಚಿಗಿಂತ 70 ಮಿ.ಮೀ.ಗೂ ತುಸು ಹೆಚ್ಚು ಕೆಳಗಿದ್ದರೆ, ಟ್ರ್ಯಾಕ್ ಫ್ರೇಮಿನಲ್ಲಿ 50ರಿಂದ 60 ಮಿ.ಮೀ. ಮಾತ್ರ ಕೆಳಗಿರುತ್ತದೆ. ಪೆಡಲಿನ ತೋಳಾದ ಕ್ರ್ಯಾಂಕ್ ಕೂಡ 172.5ರ ಬದಲು 165 ಮಿ.ಮೀ. ಎರಡೂ ಸೇರಿದರೆ ಪೆಡಲು ನೆಲದಿಂದ ಹೆಚ್ಚುಕಡಿಮೆ 3 ಸೆಂ.ಮೀ. ಮೇಲೇರುತ್ತದೆ. ಮೂರು ಸೆಂಟಿಮೀಟರ್ ಅಲ್ಪವೆನಿಸಬಹುದು. ಆದರೆ ಪೆಡಲು ನೆಲ ಮುಟ್ಟುವ ಕೋನ ರೋಡ್ ಸೈಕಲ್ಲಿಗೆ ಸುಮಾರು 31 ಡಿಗ್ರಿ ಇದ್ದರೆ ಇದಕ್ಕೆ ಸುಮಾರು 40 ಡಿಗ್ರಿ; ಮೇಲೆ ಹೇಳಿದ ತಿರುವಿನ 32 ಡಿಗ್ರಿಗೆ ಮೊದಲನೆಯದು ಬೀಳಿಸುತ್ತದೆ, ಎರಡನೆಯದು ದಾಟಿಸುತ್ತದೆ. ನುರಿತ ಸವಾರರು ಮೈಯನ್ನು ತಿರುವಿನ ಒಳಕ್ಕೆ ಚಾಚಿ ಸೈಕಲ್ಲನ್ನು ಆದಷ್ಟು ನೆಟ್ಟಗೆ ಹಿಡಿಯುವುದೂ ಈ ಉಳಿಕೆಗಾಗಿಯೇ.

ಮುಂಭಾಗದ ಕೋನ ಎರಡನೆಯ ಸಂಗತಿ. ಹ್ಯಾಂಡಲಿನ ಕೊಳವೆ ರೋಡ್ ಸೈಕಲ್ಲಿನಲ್ಲಿ 73 ಡಿಗ್ರಿಯಷ್ಟು ಓರೆಯಿದ್ದರೆ ಇಲ್ಲಿ 74ರಿಂದ 75. ಫೋರ್ಕ್ ಮುಂದಕ್ಕೆ ಚಾಚುವ ದೂರವೂ ಕಡಿಮೆ. ಕೋನ ನೆಟ್ಟಗಾದರೆ ಸೈಕಲ್ಲು ಚಂಚಲವಾಗುತ್ತದೆ ಎಂಬ ಮಾತು ಅರ್ಧ ಸತ್ಯ. 73 ಡಿಗ್ರಿಗೆ 45 ಮಿ.ಮೀ. ಚಾಚು ಸೇರಿದಾಗ ಮುಂಚಕ್ರದ ಹಿಂಬಾಲು ಅಂತರ (ಹ್ಯಾಂಡಲ್ ಕೊಳವೆಯ ರೇಖೆ ನೆಲ ಮುಟ್ಟುವ ಬಿಂದುವಿನಿಂದ ಚಕ್ರ ನೆಲ ಮುಟ್ಟುವ ಬಿಂದುವಿಗಿರುವ ದೂರ) 55 ಮಿ.ಮೀ. ಬರುತ್ತದೆ, 74.5 ಡಿಗ್ರಿಗೆ 35 ಮಿ.ಮೀ. ಚಾಚು ಸೇರಿದಾಗಲೂ 56 ಮಿ.ಮೀ. ಚಕ್ರ ತಾನೇ ನೇರಕ್ಕೆ ಬರುವ ಗುಣ ಎರಡರಲ್ಲೂ ಒಂದೇ. ಬದಲಾಗುವುದು ಎರಡು ಚಕ್ರಗಳ ನಡುವಿನ ದೂರ. ಅದು ಕುಗ್ಗಿದ್ದರಿಂದ ಸೈಕಲ್ಲು ಕಿರಿದಾದ ಜಾಗದಲ್ಲಿ ಚುರುಕಾಗಿ ಹೊರಳುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಹ್ಯಾಂಡಲ್ ಹೆಚ್ಚು ತಿರುಗಿಸಿದರೆ ಶೂಸಿನ ತುದಿ ಮುಂಚಕ್ರಕ್ಕೆ ತಗಲುತ್ತದೆ. ರೇಸಿನ ವೇಗದಲ್ಲಿ ಹ್ಯಾಂಡಲ್ ಅಷ್ಟು ತಿರುಗುವುದಿಲ್ಲ. ಸಿಗ್ನಲ್ಲಿನಲ್ಲಿ ನಿಧಾನವಾಗಿ ಹೊರಳುವಾಗಲೇ ತೊಂದರೆ.

ವೆಲೋಡ್ರೋಮಿನ ಫ್ರೇಮಿಗೂ ನಗರ ಪಂದ್ಯದ ಫ್ರೇಮಿಗೂ ಇರುವ ವ್ಯತ್ಯಾಸಗಳು ಸಣ್ಣವು. ಹ್ಯಾಂಡಲಿನ ಕೊಳವೆ ಕೆಳಗೆ ಒಂದೂವರೆ ಅಂಗುಲಕ್ಕೆ ಅಗಲವಾಗಿ ತಿರುವಿನಲ್ಲಿ ಫೋರ್ಕ್ ತಿರುಚದಂತೆ ಹಿಡಿಯುತ್ತದೆ. ಉಬ್ಬುತಗ್ಗಿನ ರಸ್ತೆಗೆಂದು 25 ಅಥವಾ 28 ಮಿ.ಮೀ. ಟೈರಿಗೆ ಜಾಗ ಬಿಟ್ಟಿರುತ್ತಾರೆ. ಮರದ ನುಣುಪು ಪಥಕ್ಕೆ ಮಾಡಿದ ಫ್ರೇಮಿನಲ್ಲಿ 23ಕ್ಕಿಂತ ದಪ್ಪ ಟೈರು ಕೂರುವುದೇ ಕಷ್ಟ.

ಹಿಂಚಕ್ರದ ಕಡೆ

ಟ್ರ್ಯಾಕ್ ಫ್ರೇಮನ್ನು ದೂರದಿಂದಲೇ ಗುರುತಿಸಲು ಅದರ ಹಿಂಭಾಗದ ಸೀಳು ಸಾಕು. ಅದು ಅಡ್ಡಲಾಗಿದ್ದು ಹಿಂದಕ್ಕೆ ಬಾಯಿ ತೆರೆದಿರುತ್ತದೆ. ಗೇರ್ ಸೈಕಲ್ಲಿನಂತೆ ಚೈನನ್ನು ಬಿಗಿ ಹಿಡಿಯುವ ಸ್ಪ್ರಿಂಗ್ ತೋಳು ಇಲ್ಲದ್ದರಿಂದ ಚಕ್ರವನ್ನೇ ಹಿಂದೆ ಮುಂದೆ ಸರಿಸಿ ಚೈನಿನ ಬಿಗಿ ಹೊಂದಿಸಬೇಕು. ಹಬ್ ಕೂರುವ ಅಂತರ 120 ಮಿ.ಮೀ. ಹಲ್ಲುಗಾಲಿಯನ್ನು ಹಬ್‌ಗೆ ತಿರುಗಿಸಿ ಕೂರಿಸಿ, ಅದರ ಹೊರಗೆ ಎಡಮರೆಯ ಲಾಕ್‌ರಿಂಗ್ ಬಿಗಿಯುತ್ತಾರೆ. ಸವಾರ ಹಿಮ್ಮುಖವಾಗಿ ಒತ್ತಿದಾಗ ಹಲ್ಲುಗಾಲಿ ಸಡಿಲವಾಗಲು ಹೊರಟರೆ ಆ ಲಾಕ್‌ರಿಂಗ್ ಇನ್ನಷ್ಟು ಬಿಗಿಯುತ್ತದೆ.

ಇಲ್ಲಿ ಬೀಳುವ ಎಳೆತ ಸಾಮಾನ್ಯವಲ್ಲ. 49 ಹಲ್ಲಿನ ಚೈನ್‌ವೀಲಿನ ತ್ರಿಜ್ಯ 99 ಮಿ.ಮೀ. 165 ಮಿ.ಮೀ. ಕ್ರ್ಯಾಂಕಿನ ಮೇಲೆ ಸವಾರ 100 ಕಿಲೋ ಭಾರದಷ್ಟು ಒತ್ತಿದರೆ ಚೈನಿನಲ್ಲಿ 165 ಕಿಲೋಗೂ ಹೆಚ್ಚಿನ ಎಳೆತ ಹುಟ್ಟಿ, ಹಿಂಚಕ್ರದ ಬಲತುದಿಯನ್ನು ಮುಂದಕ್ಕೆ ಜಗ್ಗುತ್ತದೆ. ನಟ್ಟು ಸಡಿಲವಿದ್ದರೆ ಚಕ್ರ ಓರೆಯಾಗಿ ಟೈರು ಫ್ರೇಮಿಗೆ ಉಜ್ಜುತ್ತದೆ. 15ರ ಸ್ಪ್ಯಾನರಿನಿಂದ ಬಿಗಿದ ನಟ್ಟಿನ ಹಲ್ಲುಗಳು ಮೆತ್ತಗಿನ ಅಲ್ಯೂಮಿನಿಯಮನ್ನು ಪ್ರತಿಸಲವೂ ಕೊಂಚ ಕಡಿಯುತ್ತವೆ; ವರ್ಷಗಳು ಕಳೆದಂತೆ ಆ ಜಾಗ ಗುಳಿ ಬಿದ್ದು, ಚಕ್ರವನ್ನು ಎಲ್ಲಿ ಕೂರಿಸಿದರೂ ಹಳೆಯ ಗುಳಿಗೇ ಜಾರುತ್ತದೆ. ಕಾಳಜಿಯಿಂದ ಮಾಡಿದ ಫ್ರೇಮುಗಳಲ್ಲಿ ಸೀಳಿನ ಹೊರಮೈಗೆ ಸ್ಟೇನ್‌ಲೆಸ್ ಉಕ್ಕಿನ ತೆಳುತಗಡು ಕೂರಿಸಿರುವುದು ಇದಕ್ಕೆ. ಕೊಳ್ಳುವವರು ಬಣ್ಣಕ್ಕೆ ಮೊದಲು ಇದನ್ನು ನೋಡುವುದು ಲೇಸು.

ಗೇರಿನ ಆಯ್ಕೆ ಪಂದ್ಯದ ಪಥಕ್ಕೆ ತಕ್ಕಂತೆ. ಮುಂದೆ 49, ಹಿಂದೆ 15 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು 6.8 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 100 ಸುತ್ತು ತುಳಿದರೆ ಗಂಟೆಗೆ 41 ಕಿ.ಮೀ., 120 ಸುತ್ತಿಗೆ 49 ಕಿ.ಮೀ. ವೇಗ. ತಿರುವಿನಿಂದ ಹೊರಬರುವಾಗ ಹಗುರ ಗೇರು ಬೇಕು, ಕೊನೆಯ ಓಟಕ್ಕೆ ಭಾರದ ಗೇರು ಬೇಕು. ಇರುವುದೊಂದೇ ಆದ್ದರಿಂದ ಯಾವುದನ್ನು ಬಿಟ್ಟುಕೊಡಬೇಕೆಂಬ ಲೆಕ್ಕಾಚಾರ ಪಂದ್ಯದ ಹಿಂದಿನ ದಿನವೇ ನಡೆಯುತ್ತದೆ. ಫ್ರೇಮಿನ ದೃಢತೆ ಉಪಯೋಗಕ್ಕೆ ಬರುವುದು ಇಲ್ಲೇ: ತಿರುವಿನಲ್ಲಿ ವೇಗ ಇಳಿದು ಪೆಡಲು ಭಾರವಾದಾಗ, ಸೀಟಿನಿಂದೆದ್ದು ತುಳಿದ ಬಲ ಪೆಡಲ್ ಅಚ್ಚಿನ ಬಳಿ ಫ್ರೇಮನ್ನು ಬಳುಕಿಸದೆ ನೇರ ಚೈನಿಗೆ ಹೋಗಬೇಕು.

ಹೆಸರಾದ ಫ್ರೇಮುಗಳು

ಈ ವರ್ಗದಲ್ಲಿ ಹೆಚ್ಚು ಗುರುತಿಸಲ್ಪಟ್ಟದ್ದು ಇಟಲಿಯ ಚಿನೆಲ್ಲಿ ಕಂಪನಿಯ ವಿಗೊರೆಲ್ಲಿ. 1935ರಲ್ಲಿ ತೆರೆದ ಮಿಲಾನಿನ ಮರದ ವೆಲೋಡ್ರೋಮಿನ ಹೆಸರು ಅದಕ್ಕಿದೆ. ಸೈಕಲ್ ಸವಾರ ಫೌಸ್ಟೊ ಕೋಪಿ 1942ರಲ್ಲಿ ಒಂದು ಗಂಟೆಯಲ್ಲಿ ಕ್ರಮಿಸಿದ ದೂರದ ದಾಖಲೆ ಬರೆದ ಪಥ ಅದು. ಫ್ರೇಮಿನ ಕೊಳವೆಗಳು 1919ರಿಂದ ನಡೆದುಬಂದ ಕೊಲಂಬಸ್ ಸಂಸ್ಥೆಯ ಏರ್‌ಪ್ಲೇನ್ ಶ್ರೇಣಿಯವು. ಎರಡೂ ಕಂಪನಿಗಳು ಒಂದೇ ಮನೆತನದ ಕೈಯಲ್ಲಿದ್ದುದರಿಂದ ಕೊಳವೆಯ ವಿನ್ಯಾಸ, ಫ್ರೇಮಿನ ವಿನ್ಯಾಸ ಒಟ್ಟಿಗೇ ಸಾಗಿದವು. ಕಂಪನಿಯ ತಂಡ ರೆಡ್ ಹುಕ್ ಪಂದ್ಯಗಳಲ್ಲಿ ಇದನ್ನು ಓಡಿಸಿತು. ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಶ್ ಎಂಬ ಫಿಕ್ಸ್ಡ್ ಗೇರ್ ಸವಾರರ ಬಳಗದೊಂದಿಗೆ ಸೇರಿ ಚಿನೆಲ್ಲಿ ತಂದ ಬೋಲ್ಟ್, ಹಿಸ್ಟೋಗ್ರಾಂ, ಪ್ಯಾರಲ್ಯಾಕ್ಸ್ ಎಂಬ ಫ್ರೇಮುಗಳೂ ಬೀದಿ ಸವಾರರಲ್ಲಿ ಬೇಡಿಕೆ ಗಳಿಸಿದವು. ಅಮೆರಿಕದ ಕ್ಯಾಲಿಫೋರ್ನಿಯಾದ ಲೀಡರ್ ಕಂಪನಿಯ 725, ಅವೆಂಟನ್ನಿನ ಮಟಾರೊ ಕಡಿಮೆ ಬೆಲೆಗೆ ಇದೇ ರೂಪವನ್ನು ಜನರ ಕೈಗೆಟುಕಿಸಿದವು. ವೆಲೋಡ್ರೋಮಿನ ಕಡೆಯಿಂದ ಬಂದ ಬ್ರಿಟನ್ನಿನ ಡೋಲನ್ ಪ್ರಿ ಕುರ್ಸಾ ಕಲಿಯುವವರ ನೆಚ್ಚಿನ ಫ್ರೇಮ್. ಜಪಾನಿನ ಗಂಡಸರ ಸಾಂಪ್ರದಾಯಿಕ ಕೀರಿನ್ ಟ್ರ್ಯಾಕ್ ಪಂದ್ಯಗಳು ಮಾತ್ರ ಇವತ್ತಿಗೂ ಉಕ್ಕಿನ ಫ್ರೇಮಿಗೆ ಅಂಟಿಕೊಂಡಿವೆ. ಅಲ್ಲಿ ಪಂದ್ಯದ ಮೇಲೆ ಹಣ ಕಟ್ಟುವುದರಿಂದ ಎಲ್ಲರ ಸೈಕಲ್ಲೂ ಸಮನಾಗಿರಬೇಕೆಂಬುದು ನಿಯಮ.

ನಿಲ್ಲಿಸುವುದು ಮತ್ತು ಕಾನೂನು

ಪಂದ್ಯದ ಹೊರಗೆ ಇದೇ ಸೈಕಲ್ಲನ್ನು ರಸ್ತೆಯಲ್ಲಿ ಓಡಿಸುವವರು ಬಹಳ. ಪೆಡಲು ಹಿಡಿದು ಹಿಂಚಕ್ರವನ್ನು ಉಜ್ಜಿಸಿ ನಿಲ್ಲಿಸುವುದನ್ನು ಅವರು ಸ್ಕಿಡ್ ಎನ್ನುತ್ತಾರೆ. ಕಾಲು ಪ್ರತಿಸಲ ಒಂದೇ ಸ್ಥಾನದಲ್ಲಿ ಪೆಡಲನ್ನು ಹಿಡಿಯುವುದರಿಂದ ಟೈರು ಕೆಲವೇ ಜಾಗಗಳಲ್ಲಿ ಸವೆಯುತ್ತದೆ. 48-16 ಗೇರಿದ್ದರೆ ಅನುಪಾತ ಸರಿಯಾಗಿ ಮೂರು. ಪೆಡಲಿನ ಪ್ರತಿ ಸುತ್ತಿಗೂ ಚಕ್ರ ಅದೇ ಜಾಗಕ್ಕೆ ಬಂದು ನಿಲ್ಲುವುದರಿಂದ ಟೈರಿನ ಒಂದೇ ಜಾಗ ಸವೆದು ಬೇಗ ಹರಿಯುತ್ತದೆ. 49-15ರಲ್ಲಿ ಸವೆತ 15 ಜಾಗಗಳಿಗೆ ಹಂಚಿಹೋಗುತ್ತದೆ. ಒಂದಕ್ಕೊಂದು ಸಾಮಾನ್ಯ ಅಪವರ್ತನವಿಲ್ಲದ ಹಲ್ಲುಸಂಖ್ಯೆಗಳಿಗೆ ಸವಾರರು ಒಲವು ತೋರುವುದಕ್ಕೆ ಇದೇ ಕಾರಣ.

ಆದರೆ ಸ್ಕಿಡ್ ಬ್ರೇಕಿನ ಬದಲಿಯಲ್ಲ. ವೇಗ ತಗ್ಗುವಾಗ ಭಾರವೆಲ್ಲ ಮುಂಚಕ್ರಕ್ಕೆ ಸರಿಯುತ್ತದೆ, ಹಿಂಚಕ್ರ ಹಗುರವಾಗಿ ಜಾರುತ್ತದೆ. ಒಳ್ಳೆಯ ಮುಂಬ್ರೇಕಿಗೆ ಹೋಲಿಸಿದರೆ ಹಿಂಚಕ್ರವೊಂದೇ ಕೊಡುವ ತಡೆ ಸುಮಾರು ಅರ್ಧ. ಬ್ರಿಟನ್ನಿನ 1983ರ ನಿಯಮ ಸೈಕಲ್ಲಿಗೆ ಎರಡು ತಡೆ ವ್ಯವಸ್ಥೆ ಇರಲೇಬೇಕೆಂದು ಹೇಳಿ, ಫಿಕ್ಸ್ಡ್ ಗೇರನ್ನು ಒಂದೆಂದು ಪರಿಗಣಿಸುತ್ತದೆ, ಮುಂಬ್ರೇಕು ಕಡ್ಡಾಯ. 2016ರಲ್ಲಿ ಲಂಡನ್ನಿನಲ್ಲಿ ಮುಂಬ್ರೇಕಿಲ್ಲದ ಇಂಥ ಸೈಕಲ್ಲು ಡಿಕ್ಕಿಯಾಗಿ ಪಾದಚಾರಿಯೊಬ್ಬರು ತೀರಿಕೊಂಡರು. ಮರುವರ್ಷ ಸವಾರನಿಗೆ ಸೆರೆವಾಸವಾಯಿತು. ಜರ್ಮನಿಯ ಕಾನೂನು ಒಂದನ್ನೊಂದು ಅವಲಂಬಿಸದ ಎರಡು ಬ್ರೇಕುಗಳನ್ನು ಕೇಳುತ್ತದೆ. 2009ರಲ್ಲಿ ಬರ್ಲಿನ್ ಪೊಲೀಸರು ಬ್ರೇಕಿಲ್ಲದ ಸೈಕಲ್‌ಗಳನ್ನು ಹಿಡಿದು ಜಪ್ತಿ ಮಾಡಿದರು. ಹಲವು ತಯಾರಕರು ಫೋರ್ಕಿಗೆ ಬ್ರೇಕಿನ ತೂತು ಕೊರೆದೇ ಮಾರುತ್ತಾರೆ. ತೂತಿಲ್ಲದ ಫೋರ್ಕಿನ ಫ್ರೇಮನ್ನು ಸಾರ್ವಜನಿಕ ರಸ್ತೆಗೆ ತರಬಾರದು; ಅದು ಮುಚ್ಚಿದ ಪಥಕ್ಕೆ ಮಾಡಿದ ವಸ್ತು.

ಬಾಳಿಕೆ

ಉಕ್ಕಿಗೆ ಒಂದು ಮಿತಿಯಿದೆ. ಅದಕ್ಕಿಂತ ಕಡಿಮೆ ಒತ್ತಡವನ್ನು ಎಷ್ಟು ಬಾರಿ ಹಾಕಿದರೂ ಅದು ಬಿರುಕು ಬಿಡುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಸಣ್ಣ ಒತ್ತಡವೂ ಲಕ್ಷಾಂತರ ಬಾರಿ ಬಿದ್ದರೆ ಲೋಹ ದಣಿದು ಬಿರುಕು ಬಿಡಬಹುದು. ವಿನ್ಯಾಸಕರು ಇದಕ್ಕೆ ಉತ್ತರವಾಗಿ ಫ್ರೇಮನ್ನು ಆದಷ್ಟು ಬಳುಕದಂತೆ ಮಾಡಿ, ಪ್ರತಿ ತುಳಿತದ ಒತ್ತಡವನ್ನು ಚಿಕ್ಕದಾಗಿಸುತ್ತಾರೆ. ಅಲ್ಯೂಮಿನಿಯಂ ಫ್ರೇಮಿನ ಹೆಸರಾಂತ ಗಡಸು ಸವಾರಿಗೆ ಇದೂ ಒಂದು ಮೂಲ. ಐಎಸ್ಒ 4210 ಪರೀಕ್ಷೆಯಲ್ಲಿ ರೇಸ್ ಫ್ರೇಮಿನ ಎರಡೂ ಪೆಡಲುಗಳ ಮೇಲೆ ಸರದಿಯಂತೆ 1100 ನ್ಯೂಟನ್ ಒತ್ತಡವನ್ನು ಒಂದು ಲಕ್ಷ ಬಾರಿ ಹಾಕಿ ಬಿರುಕು ಬಂತೇ ಎಂದು ನೋಡುತ್ತಾರೆ.

ಬಿರುಕು ಮೂಡುವ ಜಾಗಗಳು ಗೊತ್ತಿರುವವೇ: ಹ್ಯಾಂಡಲ್ ಕೊಳವೆಗೆ ಓರೆ ಕೊಳವೆ ಸೇರುವ ಕೆಳಮೂಲೆ, ಪೆಡಲ್ ಅಚ್ಚಿನ ಗೂಡಿನ ಸುತ್ತ, ಸೀಟು ಕೊಳವೆಯ ತುದಿಯಲ್ಲಿರುವ ಸೀಳು, ಹಿಂಚಕ್ರದ ಸೀಳಿನ ಬುಡ. ಬೆಸುಗೆಯ ಅಂಚಿನಗುಂಟ ಬಣ್ಣದಲ್ಲಿ ಕೂದಲೆಳೆಯ ಗೆರೆ ಕಂಡರೆ, ಒರೆಸಿದ ಮೇಲೂ ಮತ್ತೆ ಅದೇ ಗೆರೆಯಲ್ಲಿ ಕಪ್ಪು ಕೂತರೆ, ಅದು ಬಣ್ಣದ ಬಿರುಕಲ್ಲ. ಪೆಡಲು ತುಳಿದಾಗ ಹಿಂದಿಲ್ಲದ ಕಿರಕಿರ ಸದ್ದು ಬಂದರೂ ಅದೇ ಸೂಚನೆ. ಉಕ್ಕಿನ ಫ್ರೇಮನ್ನು ಯಾವುದೇ ಒಳ್ಳೆಯ ವೆಲ್ಡರ್ ಸರಿಮಾಡಬಲ್ಲ. ಅಲ್ಯೂಮಿನಿಯಂ ಫ್ರೇಮಿನ ಬಿರುಕಿಗೆ ಮೇಲಿಂದ ಬೆಸುಗೆ ಹಾಕಿದರೆ ಹದ ಕಳೆದುಕೊಂಡ ಜಾಗ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ. ಸೊಟ್ಟಾದ ಕೊಳವೆಯನ್ನು ಬಗ್ಗಿಸಿ ನೇರ ಮಾಡುವುದೂ ಅಷ್ಟೇ ಅಪಾಯ. ರಿಪೇರಿಗೆ ನಿಲ್ಲಿಸುವಾಗ ತೆಳು ಕೊಳವೆಯನ್ನು ಸ್ಟ್ಯಾಂಡಿನ ಹಿಡಿಗೆ ಸಿಕ್ಕಿಸದೆ ಸೀಟಿನ ಕಂಬವನ್ನೇ ಸಿಕ್ಕಿಸಬೇಕು.

ಬಿದ್ದಾಗ ಮಾತ್ರ ಈ ಲೋಹ ಕಾರ್ಬನ್ನಿಗಿಂತ ನಂಬಿಗಸ್ತ. ಕಾರ್ಬನ್ ಫ್ರೇಮಿನೊಳಗೆ ಪದರ ಬಿಟ್ಟಿದ್ದರೂ ಹೊರಗೆ ಕಾಣದೆ ಹೋಗಬಹುದು; ಅಲ್ಯೂಮಿನಿಯಮ್ಮಿನಲ್ಲಿ ಪೆಟ್ಟು ಬಿದ್ದದ್ದು ತಗ್ಗಾಗಿ, ಗೀರಾಗಿ ಕಣ್ಣಿಗೆ ಕಾಣುತ್ತದೆ. ಒಂದೇ ಸಂಜೆಯಲ್ಲಿ ಅರ್ಹತಾ ಸುತ್ತಿನಲ್ಲಿ ಬಿದ್ದು, ಒಂದೆರಡು ಗಂಟೆಯೊಳಗೆ ಅದೇ ಸೈಕಲ್ಲಿನಲ್ಲಿ ಅಂತಿಮ ಪಂದ್ಯಕ್ಕೆ ಇಳಿಯಬೇಕಾದ ಸವಾರನಿಗೆ ಬೇಕಾದದ್ದು ಈ ಸ್ಪಷ್ಟತೆ. ಅವನು ಅನುಮಾನದಿಂದ ನೋಡಬೇಕಾದ ಭಾಗ ಕಾರ್ಬನ್ ಫೋರ್ಕ್. ಗಟ್ಟಿ ಪೆಟ್ಟು ಬಿದ್ದ ಫೋರ್ಕನ್ನು, ಹೊರಗೆ ಏನೂ ಕಾಣದಿದ್ದರೂ, ಬದಲಿಸಿಬಿಡುವುದು ತಂಡಗಳ ರೂಢಿ.